ಎಂಟಡಿ ಮಣ್ಣು
ತ್ಯಾವಣಿಗೆಯ ಮಹಿಳಾ ಸಂಘಗಳ ಅಕ್ಕ-ತಂಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕಂದಿರೇ, ಅತ್ತಿಗೆಯರೇ, ನನ್ನ ಜೊತೆ ಸ್ಲೇಟು ಹಿಡಿದು ಶಾಲೆಗೆ ಬಂದು ಈಗ ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡಿರುವ ಗೆಳತಿಯರೇ,

ನಾನು ನಿಮ್ಮೂರ ಮಗಳು. ದಾವಣಗೆರೆಗೆ ಕೊಟ್ಟು ಮೂವತ್ತು ವರ್ಷ ದಾಟಿತು. ಇವತ್ತಿಗೂ ತವರಿಗೆ ಬಂದರೆ ನನ್ನದೊಂದು ರೂಢಿಯಿದೆ. ಕಾಲು ತೊಳೆದು ಒಳಗೆ ಬಂದು ಬ್ಯಾಗು ಇಟ್ಟವಳೇ, ಕೊಟ್ಟ ನೀರನ್ನೂ ಕುಡಿಯದೆ ಹಿಂಬಾಗಿಲ ಕಡೆ ನಡೆಯುತ್ತೇನೆ. ಪಡಸಾಲೆಯಲ್ಲಿ ಗಂಡಸರು, ಬಂದವರು, ಟಿ.ವಿ. ಹಿತ್ತಲಲ್ಲಿ ಅವ್ವ, ಒರಳುಕಲ್ಲು, ಬಚ್ಚಲ ಹೊಗೆ, ಪಕ್ಕದ ಮನೆಯವರ ಜೊತೆ ಗೋಡೆ ಮೇಲಿಂದ ಮಾತು. ಹೆಣ್ಣುಮಕ್ಕಳಿಗೆ ತವರು ಅಂದರೆ ಮುಕ್ಕಾಲು ಪಾಲು ಹಿತ್ತಲೇ ಅಲ್ಲವೇ?

ಹೋದ ತಿಂಗಳು ಬಂದೆ. ತಮ್ಮ ಹಳೆಯ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾನೆ. ಅಡಿಕೆ ಕೈಹಿಡಿದಿದೆ, ಸಂತೋಷ. ಹಿಂಬಾಗಿಲು ಇರಬೇಕಾದಲ್ಲಿ ನಿಂತು ನೋಡಿದರೆ ಹಿತ್ತಲಿಲ್ಲ. ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್ ಚೀಲ. ಅವ್ವ ನೆಟ್ಟ ನುಗ್ಗೆ ಮರ ತುಂಡುತುಂಡಾಗಿ ಕಾಂಪೌಂಡಿಗೆ ಒರಗಿತ್ತು. "ಪೂರ್ತಿ ಕಾಂಕ್ರೀಟ್ ಹಾಕಿಸ್ತೀನಕ್ಕ. ಅಡಿಕೆ ಒಣಗಿಸಾಕೂ ಆಗ್ತತೆ, ಕಸ ಇಲ್ಲ, ಹಾವಿನ ಭಯ ಇಲ್ಲ" ಅಂದ. ಊರಲ್ಲಿ ಒಂದು ಸುತ್ತು ಹಾಕಿ ಬಂದೆ. ಹೊಸ ಮನೆ ಎದ್ದಲ್ಲೆಲ್ಲ ಇದೇ ಕಥೆ. ಮುಂದೆ ಇಂಟರ್‌ಲಾಕ್, ಹಿಂದೆ ಕಾಂಕ್ರೀಟ್, ನಡುವೆ ಕುಂಡದಲ್ಲಿ ಒಂದು ತುಳಸಿ.

ಆವತ್ತೇ ಈ ಪತ್ರ ಬರೆಯಬೇಕು ಅನ್ನಿಸಿತು. ಗಂಡಸರಿಗೆ ಬರೆದು ಪ್ರಯೋಜನವಿಲ್ಲ. ಮನೆಯ ಮುಖ ಹೇಗಿರಬೇಕು, ಎಲಿವೇಶನ್‌ಗೆ ಯಾವ ಬಣ್ಣ ಅನ್ನುವುದು ಅವರ ಲೆಕ್ಕ. ಹಿತ್ತಲಿನ ಯಜಮಾನಿಕೆ ಇವತ್ತಿಗೂ ನಿಮ್ಮದು. ಮನೆ ಕೆಲಸ ಮುಗಿಸಲು ಸಂಘದಿಂದ ಸಾಲ ಎತ್ತಿ ಕೊಟ್ಟವರಲ್ಲಿ ನೀವೂ ಇದ್ದೀರಿ. ಹಾಗಾಗಿ ಮೇಸ್ತ್ರಿಗೆ "ಇಷ್ಟು ಜಾಗ ಬಿಡಪ್ಪ" ಎನ್ನುವ ಹಕ್ಕು ನಿಮಗಿದೆ.

ನಾನು ಕೇಳುತ್ತಿರುವುದು ಅಷ್ಟೇ. ಹಿತ್ತಲಲ್ಲಿ ಒಂದು ಪಟ್ಟಿ ಮಣ್ಣನ್ನು ಮುಚ್ಚದೆ ಬಿಡಿ. ಹಕ್ಕಿ, ಚಿಟ್ಟೆ, ಕಪ್ಪೆ, ಅಳಿಲಿಗೆ ಮನೆ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ಕಟ್ಟಿಕೊಳ್ಳುವುದು ಅವಕ್ಕೆ ಗೊತ್ತು.

ನಮ್ಮಜ್ಜಿಯ ಹಿತ್ತಲು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಸೀಬೆಕಾಯಿ ಕದಿಯಲು ಬಂದವರು ಈಗ ಸಂಘದ ಅಧ್ಯಕ್ಷರೂ ಆಗಿದ್ದೀರಿ. ಪಡುವಣ ದಿಕ್ಕಿಗೆ ಮಣ್ಣಿನ ಗೋಡೆ, ಅದರ ತುಂಬ ಸಣ್ಣ ಸಣ್ಣ ತೂತು. ಒಂದು ಮೂಲೆಗೆ ಹುಲ್ಲಿನ ಬಣವೆ, ಇನ್ನೊಂದಕ್ಕೆ ಸೌದೆ ಒಟ್ಟಿಲು. ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗಿ, ಅಲ್ಲಿಂದ ಕೆಸುವಿನ ಎಲೆಗಳ ಕೆಳಗೆ ಇಂಗುತ್ತಿತ್ತು. ಕರಿಬೇವು, ನಿಂಬೆ, ನುಗ್ಗೆ, ಐದೆಸಳಿನ ಕೆಂಪು ದಾಸವಾಳ, ಯಾರೂ ನೆಡದೆ ತಾನೇ ಹುಟ್ಟಿದ ಔಡಲ. ದನ ಕುಡಿಯುವ ಕಲ್ಲುಬಾನಿ. ಅದರಾಚೆ ತಿಪ್ಪೆ. ಬೇಲಿ ಪಕ್ಕ ಒಂದು ಎಕ್ಕದ ಗಿಡ. ಶನಿವಾರ ಹನುಮಪ್ಪನಿಗೆ ಹಾರ ಕಟ್ಟಲು ಬೇಕೆಂದು ಅದನ್ನು ಯಾರೂ ಕಡಿಯುತ್ತಿರಲಿಲ್ಲ.

ಅಜ್ಜಿ ಪ್ರಾಣಿದಯೆಯವಳೇನಲ್ಲ. ಅಳಿಲಿಗೆ ಕಲ್ಲು ಬೀರುತ್ತಿದ್ದಳು. ಮೆಣಸಿನಕಾಯಿ ಒಣಹಾಕಿದಾಗ ಕಾಗೆಗೆ ಅವಳು ಬಳಸುತ್ತಿದ್ದ ಬೈಗುಳ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. ಆದರೂ ಬಾನಿಯ ಅಂಚಿನಲ್ಲಿ ಬೆಳಿಗ್ಗೆ ಮಡಿವಾಳ ಹಕ್ಕಿ ಮೀಯುತ್ತಿತ್ತು. ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತು. ಬಟ್ಟೆ ಒಣಗಿಸುವ ತಂತಿಯ ತುದಿಗೇ ಜೇಡರ ಬಲೆ, ನಾರು, ಕಸಕಡ್ಡಿ ಸೇರಿಸಿ ಚೀಲದಂಥ ಗೂಡು ನೇತುಹಾಕಿತ್ತು. ಎರಡು ಎಲೆ ಸೇರಿಸಿ ಹೊಲಿಯುವ ಟುವ್ವಿ ಹಕ್ಕಿ, ಪಿಕಳಾರ, ಜಂತೆಯ ಸಂದಿಯಲ್ಲಿ ಗುಬ್ಬಿ, ಸೌದೆಯ ಕೆಳಗೆ ಹಾವುರಾಣಿ, ಬೇಲಿ ಮೇಲೆ ಓತಿಕ್ಯಾತ, ಮಳೆ ಬಿದ್ದ ರಾತ್ರಿ ಗೋಂಕುರುಕಪ್ಪೆಯ ಸಂಗೀತ. ಇವಕ್ಕೆ ಯಾರೂ ಏನೂ ಮಾಡಿರಲಿಲ್ಲ. ಹಿತ್ತಲು ಅರೆಬರೆಯಾಗಿತ್ತು, ಅಷ್ಟೇ. ಎಲ್ಲದರಲ್ಲೂ ಒಂದು ಸಂದಿ, ಒಂದು ಬಿರುಕು, ಒಂದು ಸೋರಿಕೆ ಉಳಿದಿತ್ತು. ಹೊಸ ಮನೆಯಲ್ಲಿ ನಾವು ಎಲ್ಲವನ್ನೂ ಪೂರ್ತಿ ಮಾಡಿಬಿಡುತ್ತೇವೆ.

ಇದಕ್ಕೊಂದು ತಮಾಷೆಯ ಪಕ್ಕವಾದ್ಯವಿದೆ. ಅಮೆರಿಕದಲ್ಲಿ ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಶನ್ ಎಂಬ ಸಂಸ್ಥೆ 1973ರಿಂದ ಮನೆಯ ಹಿತ್ತಲುಗಳಿಗೆ ಸರ್ಟಿಫಿಕೇಟ್ ಕೊಡುತ್ತಿದೆ. ಹಿತ್ತಲಲ್ಲಿ ಜೀವಿಗಳಿಗೆ ಆಹಾರ ಇರಬೇಕು, ನೀರು ಇರಬೇಕು, ಅಡಗಲು ಮರೆ ಇರಬೇಕು, ಮರಿ ಮಾಡಲು ತಾವು ಇರಬೇಕು, ವಿಷ ಸುರಿಯದೆ ನೋಡಿಕೊಳ್ಳಬೇಕು. ಇಷ್ಟಿದ್ದರೆ ಗೇಟಿಗೆ ಬೋರ್ಡು ತಗುಲಿಹಾಕಬಹುದು. ನಾನು ಕೂತು ಅಜ್ಜಿಯ ಹಿತ್ತಲಿಗೆ ಅಂಕ ಹಾಕಿ ನೋಡಿದೆ. ಆಹಾರಕ್ಕೆ ದಾಸವಾಳ, ಸೀಬೆ, ತಿಪ್ಪೆಯ ಹುಳು. ನೀರಿಗೆ ಕಲ್ಲುಬಾನಿ. ಮರೆಗೆ ಬಣವೆ, ಬೇಲಿ. ಮರಿಗೆ ಜಂತೆ, ಮಣ್ಣಿನ ಗೋಡೆ. ವಿಷಕ್ಕೆ ದುಡ್ಡೇ ಇರಲಿಲ್ಲ. ನೂರಕ್ಕೆ ನೂರು. ಬೋರ್ಡು ಕೊಟ್ಟಿದ್ದರೆ ಅಜ್ಜಿ ಅದನ್ನು ಕೋಳಿಗೂಡಿನ ಬಾಗಿಲಿಗೆ ಜಡಿಯುತ್ತಿದ್ದಳು.

ಈಗ ಗುಬ್ಬಿಯ ವಿಷಯ. ಊರಲ್ಲಿ ಈ ಮಾತೆತ್ತಿದರೆ ಹತ್ತರಲ್ಲಿ ಒಂಬತ್ತು ಜನ ಮೊಬೈಲ್ ಟವರ್ ಕಡೆ ಕೈ ತೋರಿಸುತ್ತಾರೆ. ಟವರಿನ ವಿರುದ್ಧ ಗಟ್ಟಿಯಾದ ಪುರಾವೆ ಇನ್ನೂ ಬಂದಿಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2020ರಲ್ಲಿ ಬಂದ ವರದಿ, ಒಟ್ಟಾರೆ ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ಮಹಾನಗರಗಳಲ್ಲಿ ಇಳಿದಿದೆ ಎಂದಿತು. ಅಂದರೆ ಗುಬ್ಬಿ ಸತ್ತು ಹೋಗಿಲ್ಲ. ನಮ್ಮ ಮನೆ ಬಿಟ್ಟು ಹೋಗಿದೆ. ಆರ್‌ಸಿಸಿ ಮನೆಯಲ್ಲಿ ಜಂತೆ ಇಲ್ಲ, ಹೆಂಚಿನ ಸಂದಿಯಿಲ್ಲ. ಸುಗ್ಗಿಯಲ್ಲಿ ಹೊಸ ಭತ್ತದ ತೆನೆ ಗೊಂಚಲು ಕಟ್ಟಿ ಪಡಸಾಲೆಯಲ್ಲಿ ನೇತುಹಾಕುತ್ತಿದ್ದುದೂ ನಿಂತಿತು, ಗದ್ದೆಯೇ ಅಡಿಕೆ ತೋಟವಾದ ಮೇಲೆ ತೆನೆ ಎಲ್ಲಿಂದ?

ಪ್ರತಿ ವರ್ಷ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಬರುತ್ತದೆ. ಶಾಲೆಗಳಲ್ಲಿ ರಟ್ಟಿನ ಗೂಡು ಹಂಚಿ ಫೋಟೊ ತೆಗೆಸುತ್ತಾರೆ. ಗೂಡು ತಪ್ಪಲ್ಲ. ಒಂದೂಕಾಲು ಇಂಚಿನ ತೂತು ಇಟ್ಟರೆ ಗೊರವಂಕ ಒಳಗೆ ನುಗ್ಗಲಾರದು. ಬಿಸಿಲು ಬೀಳದ ಗೋಡೆಗೆ, ಬೆಕ್ಕಿಗೆ ಸಿಗದ ಎತ್ತರಕ್ಕೆ ಹೊಡೆದರೆ ಗುಬ್ಬಿ ಬಂದರೂ ಬಂದೀತು. ಆದರೆ ಗೂಡೊಂದನ್ನೇ ಕೊಟ್ಟು ಹಿತ್ತಲಿಗೆ ಕಾಂಕ್ರೀಟ್ ಸುರಿದರೆ, ಬಾಣಂತಿಗೆ ಕೋಣೆ ಕೊಟ್ಟು ಅಡುಗೆಮನೆಗೆ ಬೀಗ ಹಾಕಿದ ಹಾಗೆ. ಗುಬ್ಬಿ ಕಾಳು ತಿನ್ನುವ ಹಕ್ಕಿ ನಿಜ. ಮರಿಗೆ ಮಾತ್ರ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಆಗಬೇಕು. ಅನ್ನದ ಅಗುಳಿನಲ್ಲಿ ಗುಬ್ಬಿಮರಿ ಬದುಕುವುದಿಲ್ಲ.

ಒಂದು ಗೂಡಿಗೆ ಎಷ್ಟು ಹುಳು ಬೇಕು ಎಂದು ಅಮೆರಿಕದವರು ಎಣಿಸಿಯೇ ಬಿಟ್ಟಿದ್ದಾರೆ. ಡೆಲವೇರ್ ವಿಶ್ವವಿದ್ಯಾಲಯದ ಕೀಟತಜ್ಞ ಡಗ್ಲಾಸ್ ಟಾಲಮಿ ಹೋದಲ್ಲೆಲ್ಲ ಹೇಳುವ ಲೆಕ್ಕ ಇದು: ಗುಬ್ಬಿಗಿಂತ ಚಿಕ್ಕದಾದ ಚಿಕಡೀ ಎಂಬ ಅಲ್ಲಿನ ಹಕ್ಕಿ ಒಂದು ಸಲದ ಮರಿಗಳನ್ನು ಸಾಕಲು 6,000ದಿಂದ 9,000 ಕಂಬಳಿಹುಳು, ಹಸಿರು ಹುಳುಗಳನ್ನು ಹೊತ್ತು ತರುತ್ತದೆ. ಅಷ್ಟು ಹುಳು ಹುಟ್ಟುವುದು ಆ ನೆಲದ ಗಿಡಮರಗಳಲ್ಲೇ ಹೊರತು ನರ್ಸರಿಯಿಂದ ತಂದ ಅಲಂಕಾರದ ಗಿಡದಲ್ಲಲ್ಲ. ನಮ್ಮ ಹಕ್ಕಿಗಳ ಲೆಕ್ಕ ಬೇರೆ ಇದ್ದೀತು, ದಾರಿ ಅದೇ. ಹುಳ ಬೀಳದ ಗಿಡ ಎಂದು ಹುಡುಕಿ ತಂದು ನೆಟ್ಟರೆ, ಹಕ್ಕಿಯ ಪಾಲಿಗೆ ಅದು ಪ್ಲಾಸ್ಟಿಕ್ ಹೂವಿಗೆ ಸಮ.

ನಿಮ್ಮ ಕರಿಬೇವಿನ ಗಿಡವನ್ನೇ ತೆಗೆದುಕೊಳ್ಳಿ. ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಕಪ್ಪು-ಬಿಳಿ ಹುಳು ಕಂಡರೆ ಅದು ಹಿಕ್ಕೆಯ ವೇಷ ಹಾಕಿದ ಚಿಟ್ಟೆಯ ಮರಿ. ಬೆಳೆದಂತೆ ಹಸಿರಾಗಿ, ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ಘಾಟು ಬಿಡುತ್ತದೆ. ನಿಂಬೆಯಲ್ಲೂ ಅದರ ದಾಯಾದಿಗಳು. ಎಕ್ಕದ ಎಲೆ ತಿನ್ನುವುದು ಕಪ್ಪು-ಹಳದಿ-ಬಿಳಿ ಪಟ್ಟೆಯ ಹುಳು, ಅದು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಎಕ್ಕದ ಹಾಲಿನ ವಿಷ ಅದರ ಮೈಯಲ್ಲಿ ಉಳಿದಿರುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹೋಗುವುದಿಲ್ಲ. ಔಡಲಕ್ಕೆ ಇನ್ನೊಂದು, ಕಕ್ಕೆ-ಆವರಿಕೆಗೆ ಮತ್ತೊಂದು. ಹತ್ತು ಎಲೆ ತಿಂದರೆ ಒಗ್ಗರಣೆಗೆ ಕಡಿಮೆಯಾಗದು. ಆ ಹತ್ತು ಎಲೆಗಾಗಿ ತೋಟಕ್ಕೆ ತಂದ ಎಣ್ಣೆಯ ಉಳಿಕೆಯನ್ನು ಹಿತ್ತಲಿಗೂ ಹೊಡೆಯಬೇಡಿ. ಅದೇ ಕರಿಬೇವನ್ನು ನಾಳೆ ನಾವೇ ತಿನ್ನುವುದು ಎಂಬುದು ಬೇರೆ ಮಾತು.

ನುಗ್ಗೆ ಮರದ ಕಂಬಳಿಹುಳು ಬೇರೆಯೇ ತಕರಾರು. ನಮ್ಮ ತಮ್ಮ ಮರ ಕಡಿಸಿದ್ದು ಅದಕ್ಕೇ. ಮಗನ ಕತ್ತಿನ ಮೇಲೆ ಬಿದ್ದು ದದ್ದು ಎದ್ದು, ಮೂರು ದಿನ ಸುಣ್ಣ ಹಚ್ಚಿದ್ದಂತೆ. ಮಗುವಿನ ಸಂಕಟ ಸುಳ್ಳಲ್ಲ. ಆದರೆ ಆ ಹುಳುಗಳು ಹಗಲು ಹೊತ್ತು ಕಾಂಡದ ಮೇಲೆ ಒಂದೇ ಕಡೆ ಗುಂಪಾಗಿ ಅಂಟಿಕೊಂಡಿರುತ್ತವೆ. ಸೋಪಿನ ನೀರು ಎರಚಿ ಪೊರಕೆಯಲ್ಲಿ ಬಕೆಟ್ಟಿಗೆ ಗುಡಿಸಿದರೆ ಒಂದು ಗಂಟೆಯ ಕೆಲಸ. ಉಳಿದದ್ದನ್ನು ತಿನ್ನಲು ಗಿರಾಕಿಗಳಿದ್ದಾರೆ. ಕೋಗಿಲೆಯ ಕುಲದ ಹಕ್ಕಿಗಳಿಗೆ ಕೂದಲು ತುಂಬಿದ ಹುಳು ಅಂದರೆ ಹಬ್ಬ. ಕೆಂಬೂತ ತಿನ್ನುತ್ತದೆ; ಕಂಡರೆ ಶುಭ ಎಂದು ರತ್ನಪಕ್ಷಿ ಹೆಸರಲ್ಲಿ ನೀವು ಕೈಮುಗಿಯುವುದು ಈ ಹಕ್ಕಿಗೇ. ಮುಂಗಾರಿನ ಜೊತೆ ಬರುವ ಚಾತಕ ಪಕ್ಷಿಯೂ ತಿನ್ನುತ್ತದೆ. ಮಳೆಹನಿಯನ್ನಷ್ಟೇ ಕುಡಿದು ಬದುಕುತ್ತದೆ ಎಂದು ಕವಿಗಳು ಮೆರೆಸಿದ ಹಕ್ಕಿ ನಿಜದಲ್ಲಿ ಕಂಬಳಿಹುಳುವಿನ ಬಕಾಸುರ.

ಹಕ್ಕಿ ಬೇಡ ಅಂದವರಿಗೆ ಏನಾಯಿತು ಎಂಬುದೂ ದಾಖಲೆಯಲ್ಲಿದೆ. ಚೀನಾದಲ್ಲಿ 1958ರಲ್ಲಿ ಸರ್ಕಾರ ನಾಲ್ಕು ಪೀಡೆಗಳ ಪಟ್ಟಿ ಮಾಡಿತು. ಇಲಿ, ನೊಣ, ಸೊಳ್ಳೆ, ನಾಲ್ಕನೆಯದು ಗುಬ್ಬಿ. ಕಾಳು ತಿನ್ನುತ್ತವೆ ಎಂದು ಊರಿಗೆ ಊರೇ ತಟ್ಟೆ ಬಡಿದು, ಗುಬ್ಬಿಗಳನ್ನು ಎಲ್ಲೂ ಕೂರಲು ಬಿಡದೆ ಹಾರಿಸಿ ಹಾರಿಸಿ ಸುಸ್ತು ಮಾಡಿ ಕೊಂದರು. ಆಮೇಲೆ ಹೊಲಗಳಿಗೆ ಮಿಡತೆ, ಹುಳು ಮುಗಿಬಿದ್ದವು. 1960ರಲ್ಲಿ ಗುಬ್ಬಿಯ ಹೆಸರು ತೆಗೆದು ಆ ಜಾಗಕ್ಕೆ ತಿಗಣೆ ಸೇರಿಸಿದರು. ಆ ವರ್ಷಗಳ ಘೋರ ಬರಗಾಲಕ್ಕೆ ಕಾರಣ ಹಲವು, ಅದರಲ್ಲಿ ಇದೂ ಒಂದು.

ದೂರದ ಮಾತು ಸಾಕು. ನೀವು ಮೈಸೂರು ಪ್ರವಾಸಕ್ಕೆ ಹೋಗುವುದುಂಟಲ್ಲ, ಸಾಧ್ಯವಾದರೆ ದಾರಿ ತಿರುಗಿಸಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬನ್ನಿ. ಹೆಂಗಸರ ಸಂಘಗಳು ಹೋಗಿ ನೋಡಬೇಕಾದ ಊರು ಅದು. ಅಲ್ಲಿ ಅಭಯಾರಣ್ಯವಿಲ್ಲ, ಬೇಲಿಯಿಲ್ಲ. ಊರ ಒಳಗೆ, ಮನೆಗಳ ಹಿತ್ತಲಲ್ಲಿ ನಿಂತ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ಅಂದರೆ ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ಹಕ್ಕಿ. ಚಳಿಗಾಲದಲ್ಲಿ ಬಂದು, ಮೊಟ್ಟೆಯಿಟ್ಟು ಮರಿ ಮಾಡಿ, ಮುಂಗಾರು ಶುರುವಾಗುವಾಗ ಹೊರಡುತ್ತವೆ. ಊರವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. 1916ರ ಸುಮಾರಿಗೆ ಪ್ಲೇಗ್ ಬಂದು ಊರು ಶಿಂಷಾ ನದಿ ಕಡೆಯಿಂದ ಈಗಿನ ಜಾಗಕ್ಕೆ ಎದ್ದು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಊರು ಬಿಟ್ಟವರನ್ನು ಹುಡುಕಿಕೊಂಡು ಬರುವ ಹಕ್ಕಿ! ಮಗಳು ಎನ್ನದೆ ಇನ್ನೇನು ಅನ್ನಬೇಕು?

ಆದರೆ ಅವರದು ಬರೀ ಭಾವುಕತೆಯಲ್ಲ ಎನ್ನುವುದೇ ನನಗೆ ಹಿಡಿಸಿದ್ದು. ಹಿಕ್ಕೆ ಬಿದ್ದು ಹುಣಸೆ ಫಸಲು ಹಾಳಾಗುತ್ತದೆ, ಮೀನಿನ ನಾತ ಮನೆಯೊಳಗೆ ಬರುತ್ತದೆ, ಬಟ್ಟೆ ಒಣಹಾಕುವಂತಿಲ್ಲ. ಅದಕ್ಕೆ ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಗೋಡು ತುಂಬಿಸಿ, ಹಿಕ್ಕೆಯನ್ನು ಅದರಲ್ಲಿ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಂಡರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರಿನ ವಿಷಯವನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ, ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 1994ರಲ್ಲಿ ಮೈಸೂರಿನ ಕೆ. ಮನು ಅವರ ಜೊತೆ ಸೇರಿ ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಮೀನು ತಿನ್ನಿಸಿ ಸಾಕಿ ಹಾರಲು ಬಿಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. ಅಲ್ಲೂ ಎಲ್ಲ ಸರಿಯಿಲ್ಲ. ಮರ ಮಾರಿದವರಿದ್ದಾರೆ, ಸುತ್ತಲ ಕೆರೆಗಳು ಕೆಟ್ಟು ಹೆಜ್ಜಾರ್ಲೆಗಳು ಸತ್ತ ವರ್ಷಗಳೂ ಇವೆ. ತವರಿನ ಕಥೆ ಎಲ್ಲೂ ನೇರವಾಗಿರುವುದಿಲ್ಲ, ನಮಗೆ ಗೊತ್ತಿಲ್ಲದ್ದೇ?

ನಮ್ಮ ಜಿಲ್ಲೆಯಲ್ಲೂ ಕಾಯ್ದಿಟ್ಟ ಜಾಗಗಳಿಗೆ ಬರವಿಲ್ಲ. ಜಗಳೂರಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗೆಂದೇ 2011ರಲ್ಲಿ ವನ್ಯಜೀವಿಧಾಮ ಮಾಡಿದರು. ನಾಲ್ಕು ಕೋಡಿನ ಆ ಪುಟ್ಟ ಪ್ರಾಣಿಗೆ ಕಾವಲುಗಾರರಿದ್ದಾರೆ. ಸೂಳೆಕೆರೆ ನಮಗೆ ದೂರವೇನಲ್ಲ. ಅಷ್ಟಗಲ ನೀರಿರುವವರೆಗೆ ಬೆಳ್ಳಕ್ಕಿ, ನೀರುಕಾಗೆಗಳಿಗೆ ಆಸರೆ ಇದೆ. ಕೊಂಡುಕುರಿಗೆ ಕಾಡು, ಕೊಕ್ಕರೆಗೆ ಕೆರೆ. ಟುವ್ವಿ ಹಕ್ಕಿಗೆ, ಓತಿಕ್ಯಾತನಿಗೆ, ಕುಂಬಾರ ಹುಳಕ್ಕೆ? ಅವು ಮೊದಲಿನಿಂದ ಮನುಷ್ಯರ ಮನೆಯ ಬೆನ್ನಿಗೆ ಅಂಟಿಕೊಂಡು ಬದುಕಿದವು. ಅವಕ್ಕೆ ಯಾವ ಸರ್ಕಾರವೂ ಧಾಮ ಮಾಡುವುದಿಲ್ಲ. ತೋಟಕ್ಕೆ ಹೋಗಲಿ ಅಂದರೆ, ಕಳೆನಾಶಕ ಹೊಡೆದ ತೋಟದ ನೆಲ ಈಗ ಗುಡಿಸಿದ ಪಡಸಾಲೆಯ ಹಾಗಿದೆ. ಎಕರೆಗಟ್ಟಲೆ ಹಸಿರು ಕಾಣುತ್ತದೆ, ಒಳಗೆ ನಿಂತರೆ ಒಂದೇ ಜಾತಿಯ ಕಂಬ.

ಇನ್ನು ನಿಮ್ಮ ಅಂಜಿಕೆಗಳು. ಹಾವು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಬರಬೇಕಾದ್ದೇ, ನಾಗರ, ಕಟ್ಟುಹಾವು, ಕೊಳಕುಮಂಡಲ ನಮ್ಮ ಸೀಮೆಯಲ್ಲಿ ಇಲ್ಲದ ಮಾತಲ್ಲ. ಆದರೆ ಹಾವು ಹಸಿರು ನೋಡಿ ಬರುವುದಿಲ್ಲ, ಇಲಿಯ ಹಿಂದೆ ಬರುತ್ತದೆ. ಅಡಿಕೆ ಚೀಲ, ಅಕ್ಕಿ ಚೀಲ ಪೇರಿಸಿದ ಶೆಡ್ಡಿನಲ್ಲಿ ಇಲಿಯಿದ್ದರೆ ಸುತ್ತ ಎಷ್ಟು ಕಾಂಕ್ರೀಟ್ ಇದ್ದರೂ ಅದರ ಮೇಲೆ ಹರಿದು ಬರುತ್ತದೆ. ಸೌದೆಯನ್ನು ಬಾಗಿಲಿಂದ ದೂರ, ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲಿನ ಮೇಲೆ ಒಟ್ಟಿ. ಬಾಗಿಲ ಮುಂದಿನ ನಾಲ್ಕಡಿ ಬೋಳಾಗಿಯೇ ಇರಲಿ. ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ, ಕಾಲಿಗೆ ಚಪ್ಪಲಿ. ಕಂಡದ್ದೆಲ್ಲ ನಾಗರವಲ್ಲ, ಉದ್ದಕ್ಕೆ ಸರ್ರನೆ ಓಡುವ ಕೇರೆಹಾವಿಗೆ ವಿಷವೇ ಇಲ್ಲ, ಅದು ಬಾಲದಲ್ಲಿ ಹೊಡೆಯುತ್ತದೆ ಎಂಬುದೂ ಸುಳ್ಳು. ಇಲಿ ಹಿಡಿಯಲು ಅದಕ್ಕಿಂತ ನಿಯತ್ತಿನ ಆಳು ನಿಮಗೆ ಸಿಗುವುದಿಲ್ಲ, ಕೊಲ್ಲುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಎಂದು ಅಲೆಯುವುದು ಬೇಡ, ನೇರ ಆಸ್ಪತ್ರೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು 2024ರಿಂದ ನಮ್ಮ ರಾಜ್ಯದಲ್ಲಿ ನಿಯಮವಿದೆ.

ಗೂಬೆಯ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಮನೆ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸಲು ಸಾವಿರಗಟ್ಟಲೆ ಸುರಿಯುತ್ತೇವೆ. ಅದೇ ಸಣ್ಣ ಗೂಬೆ ಹಾಲಕ್ಕಿಯಾಗಿ ಬುಡಬುಡಿಕೆಯವನ ಬಾಯಲ್ಲಿ ಶುಭ ನುಡಿದರೆ ಸೆರಗೊಡ್ಡಿ ಅಕ್ಕಿ ಹಾಕುತ್ತೇವೆ! ಗೂಬೆಗೆ ಇಲಿ ಬೇಕು, ನಿಮಗೆ ಇಲಿ ಬೇಡ. ಇದಕ್ಕಿಂತ ಒಳ್ಳೆಯ ಸಂಬಂಧ ಯಾವುದು? ಇಲಿಪಾಷಾಣ ಇಡುವ ಮುನ್ನ ಒಮ್ಮೆ ಯೋಚಿಸಿ. ಅದನ್ನು ತಿಂದ ಇಲಿ ಸಾಯುವ ಮೊದಲು ತೂಕಡಿಸುತ್ತ ಬಯಲಿಗೆ ಬರುತ್ತದೆ, ಗೂಬೆಗೆ ಸುಲಭ ತುತ್ತಾಗುತ್ತದೆ, ವಿಷ ಅದರ ಹೊಟ್ಟೆಗೂ ಹೋಗುತ್ತದೆ. ಇಲಿ ಬೋನು ಸಾಕು.

ಸೊಳ್ಳೆಗೆ ಉತ್ತರ ಚಿಕ್ಕದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಂದು ಹಾರಲು ಒಂದು ವಾರವಾದರೂ ಬೇಕು. ಹಕ್ಕಿಗೆ ಇಟ್ಟ ನೀರನ್ನು ಮೂರು ದಿನಕ್ಕೊಮ್ಮೆ ಗಿಡದ ಬುಡಕ್ಕೆ ಚೆಲ್ಲಿ, ತಿಕ್ಕಿ ತೊಳೆದು ಹೊಸದು ಹಾಕಿದರೆ ಮುಗಿಯಿತು. ಟೆರೇಸಿನ ಮೇಲಿನ ಹಳೇ ಟೈರು, ಮುಚ್ಚಳ ಇಲ್ಲದ ಡ್ರಮ್ಮು ನೋಡಿಕೊಳ್ಳಿ, ಸೊಳ್ಳೆ ಹುಟ್ಟುವುದು ಅಲ್ಲಿ. ಕೋತಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಪಪ್ಪಾಯಿ, ಸೀಬೆ ಇಟ್ಟರೆ ಅವು ಬರುತ್ತವೆ, ಬಂದರೆ ಹೆಂಚು ಉಳಿಯುವುದಿಲ್ಲ. ಕೋತಿ ಕಾಟ ಇರುವ ಬೀದಿಯವರು ಹಣ್ಣಿನ ಮರ ಬಿಟ್ಟು ಹೂವಿನದು, ಎಲೆಯದು ನೆಡಿ. ಹಕ್ಕಿಗೆಂದು ಅನ್ನ, ಬಾಳೆಹಣ್ಣು ಹೊರಗೆ ಇಡಲೇಬೇಡಿ.

ಆ ಪಟ್ಟಿ ಮಣ್ಣಿನಲ್ಲಿ ಏನು ಮಾಡಬೇಕು ಎಂದು ಕೇಳುವಿರಿ. ಹೆಚ್ಚಿನದೇನಿಲ್ಲ. ಬಚ್ಚಲ ನೀರಿನ ಪೈಪನ್ನು ಚರಂಡಿ ಕಡೆಯಿಂದ ಇತ್ತ ತಿರುಗಿಸಿ. ನರೇಗಾದಲ್ಲಿ ಬಚ್ಚಲುಗುಂಡಿ, ಪೌಷ್ಟಿಕ ಕೈತೋಟ ಎಂದು ಬರೆಸಿಕೊಂಡವರು ನಿಮ್ಮಲ್ಲೇ ಇದ್ದೀರಿ. ಗುಂಡಿಯ ಸುತ್ತ ಬಾಳೆ, ಕೆಸು, ಕಾಬಾಳೆ ಹಾಕಿದರೆ ಕಪ್ಪೆಗೆ ತಂಪು ಸಿಕ್ಕಿತು. ಒಂದು ಕರಿಬೇವು, ಒಂದು ನಿಂ‌ಬೆ, ಕೆಂಪು ದಾಸವಾಳ. ದಾಸವಾಳ ನಾಟಿಯದೇ ಇರಲಿ. ಎಸಳು ತುಂಬಿ ಉಬ್ಬಿದ ಹೈಬ್ರಿಡ್ಡಿನಲ್ಲಿ ಸೂರಕ್ಕಿ ಮಕರಂದಕ್ಕೆ ತಡಕಾಡಬೇಕು. ಗಸಗಸೆ ಹಣ್ಣಿನ ಮರ ಹೊರದೇಶದ್ದು, ಆದರೂ ಪಿಕಳಾರ, ಅಳಿಲು, ಬಾವಲಿ, ಶಾಲೆ ಮಕ್ಕಳು ಎಲ್ಲರೂ ಪಾಲು ಕೇಳುತ್ತಾರೆ. ನಾನು ಅದನ್ನು ಮನ್ನಿಸಿದ್ದೇನೆ. ಬಿದ್ದ ಎಲೆಯನ್ನು ಗುಡಿಸಿ ಸುಡುವ ಬದಲು ಮೂಲೆಗೆ ತಳ್ಳಿ. ಗೋಡೆಯ ಒಂದು ಮೊಳ ಜಾಗಕ್ಕೆ ಪ್ಲಾಸ್ಟರ್ ಮಾಡಿಸದೆ ಮಣ್ಣು ಮೆತ್ತಿದರೆ ಕುಂಬಾರ ಹುಳ, ಒಂಟಿ ಜೇನು ಬಾಡಿಗೆ ಕೇಳದೆ ಬರುತ್ತವೆ. ಒಣಗಿದ ನುಗ್ಗೆ ಕೊರಡೊಂದನ್ನು ನಿಲ್ಲಿಸಿಟ್ಟರೆ ದುಂಬಿ ಕೊರೆದು ಮನೆ ಮಾಡುತ್ತದೆ. ಕುಂಬಳ, ಹೀರೆಯ ಹೂವಿಗೆ ಪರಾಗ ಮುಟ್ಟಿಸುವವರಲ್ಲಿ ಈ ಜೇನು, ದುಂಬಿಗಳೂ ಸೇರಿವೆ. ಈಚೆಗೆ ಹೀಚು ನಿಲ್ಲುತ್ತಿಲ್ಲ ಎಂದು ಗೊಣಗುವವರು ಗಮನಿಸಿ.

ಅಡಿಕೆ ಸಿಪ್ಪೆಯ ಬಗ್ಗೆ ಒಂದು ಮಾತು. ಸುಲಿದ ಸಿಪ್ಪೆಯನ್ನು ರಸ್ತೆ ಬದಿ ಸುರಿದು ಬೆಂಕಿ ಇಟ್ಟು ವಾರಗಟ್ಟಲೆ ಹೊಗೆ ಕುಡಿಯುತ್ತೇವೆ. ಒಂದೆರಡು ಬುಟ್ಟಿಯನ್ನು ಹಿತ್ತಲ ಗಿಡಗಳ ಬುಡಕ್ಕೆ ಹರಡಿ. ಕೊಳೆಯಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ತೇವ ಹಿಡಿದಿಡುತ್ತದೆ, ಅದರಡಿ ಎರೆಹುಳು, ಸಹಸ್ರಪದಿ ಸೇರುತ್ತವೆ, ಅವನ್ನು ಹುಡುಕಿ ಮಡಿವಾಳ ಹಕ್ಕಿ ಬರುತ್ತದೆ. ರಾಶಿ ಮಾಡಿ ಬಿಡಬೇಡಿ, ತೆಂಗಿಗೆ ಬೀಳುವ ದುಂಬಿಯ ಮರಿ ಅಂಥ ರಾಶಿಯಲ್ಲೇ ಬೆಳೆಯುತ್ತದೆ.

2024ರ ಬೇಸಿಗೆ ನೆನಪಿದೆಯಲ್ಲ. ಭದ್ರೆ ಬತ್ತಿ, ನಾಲೆಗೆ ನೀರು ಸಾಲದೆ, ಅಡಿಕೆ ಉಳಿಸಲು ಟ್ಯಾಂಕರ್‌ಗಳು ಹಗಲು ರಾತ್ರಿ ಓಡಾಡಿದವು. ಆಗ ನಾನು ಇಲ್ಲೇ ಇದ್ದೆ, ಅವ್ವನಿಗೆ ಹುಷಾರಿರಲಿಲ್ಲ. ಮಧ್ಯಾಹ್ನ ಹಿತ್ತಲ ನಲ್ಲಿಯ ಕೆಳಗೆ ಪಿಕಳಾರವೊಂದು ಬಾಯಿ ಕಳೆದುಕೊಂಡು ಕೂತಿತ್ತು, ಹತ್ತಿರ ಹೋದರೂ ಹಾರಲಿಲ್ಲ. ಹಾಸಿಗೆಯಿಂದಲೇ ನೋಡಿದ ಅವ್ವ, "ಬಾನಿಗೆ ಎರಡು ಚೊಂಬು ಹಾಕವ್ವ" ಅಂದಳು. ಆ ಬಾನಿ ಈಗ ಕಾಂಪೌಂಡಿನ ಆಚೆ, ಸಿಮೆಂಟ್ ಕಲಸಲು ನೀರು ತುಂಬಿಕೊಂಡು ಕೂತಿದೆ.

ತಮ್ಮನ ಜೊತೆ ಮಾತಾಡಿದೆ. ಹನ್ನೆರಡಡಿ ಬಿಡು ಎಂದೆ. ಅಡಿಕೆ ಒಣಗಿಸಲು ಅಂಗಳ ಬೇಕಲ್ಲಕ್ಕ, ನಾಲ್ಕಡಿ ಬಿಡ್ತೀನಿ ಅಂದ. ಅಂಗಳ ಬೇಕು ಎನ್ನುವುದು ಖರೆ, ನಾನೂ ಅಡಿಕೆಯ ಮನೆಯಲ್ಲೇ ಹುಟ್ಟಿದವಳು. ಅತ್ತಿಗೆ ಎಂದು ನೀವೆಲ್ಲ ಕರೆಯುವ ಅವನ ಹೆಂಡತಿ ಅಷ್ಟು ಹೊತ್ತು ಸುಮ್ಮನೆ ಟೀ ಸೋಸುತ್ತಿದ್ದವಳು, "ಕರಿಬೇವು ಪ್ಯಾಟಿಯಿಂದ ತರಾಕೆ ನನಗಾಗಲ್ಲ" ಎಂದಳು. ಎಂಟಕ್ಕೆ ನಿಂತಿತು. ಮೂವತ್ತಡಿ ಉದ್ದ, ಎಂಟಡಿ ಅಗಲ. ಬಾನಿ ವಾಪಸ್ ಒಳಗೆ ಬರಬೇಕು, ನುಗ್ಗೆಯ ಒಂದು ಕೊಂಬೆಯನ್ನು ಮಳೆಗಾಲಕ್ಕೆ ನೆಡಬೇಕು, ಕಂಬಳಿಹುಳು ಬಂದರೆ ಗುಡಿಸುವುದು ಅವಳ ಕೆಲಸ, ದದ್ದು ಎದ್ದರೆ ಬೈಸಿಕೊಳ್ಳುವುದು ನನ್ನ ಕೆಲಸ ಎಂದು ಒಪ್ಪಂದವಾಯಿತು.

ಬರುವ ಮುಂಚೆ ನಾಲ್ಕು ಗೂಟ ಹೊಡೆದು ಕೆಂಪು ದಾರ ಕಟ್ಟಿ ಬಂದಿದ್ದೇನೆ. ಸೋಮವಾರ ಕಾಂಕ್ರೀಟ್ ಮಿಕ್ಸರ್ ಬರುತ್ತದಂತೆ. ಆ ದಾರವನ್ನು ಯಾರಾದರೂ ಗೋಡೆ ಕಡೆಗೆ ಒಂದಡಿ ಸರಿಸಿದ್ದು ಕಂಡರೆ, ಪಕ್ಕದ ಮನೆಯವರೇ, ದಯವಿಟ್ಟು ನನಗೊಂದು ಫೋನ್ ಮಾಡಿ.

ಇಂತಿ,
ನಿಮ್ಮೂರ ಮಗಳು